ವಾಸನೆಯ ಕಾಲಂ

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು, ಪಾತ್ರೆಯ ತಳ ಹಿಡಿದು ಸೀದು, ಹೊಗೆ ಅಡುಗೆಮನೆಯ ಸೂರು ಮುಟ್ಟುವವರೆಗೂ ಅವನು ಒಲೆಗೆ ಬೆನ್ನು ಹಾಕಿ, ಮೂರೇ ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಹೆಂಡತಿ ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿಬಂದು ಒಲೆ ಆರಿಸಿ, ಕಿಟಕಿ ತೆರೆದು, ಅವನನ್ನೊಮ್ಮೆ ಪಾತ್ರೆಯನ್ನೊಮ್ಮೆ ನೋಡಿದಳು. ಬಾಗಿಲು ಹಾಕಿಕೊಂಡು ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದ ತನಗೆ ಬಂದ ವಾಸನೆ ಪಕ್ಕದಲ್ಲೇ ಕೂತವನಿಗೆ ಹೇಗೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ. ಮನೆಗೆ ಬೆಂಕಿ ಬಿದ್ದರೂ ನಿಮಗೆ ಆ ಕಾರುಗಳದ್ದೇ ಧ್ಯಾನ ಎಂದು ಗೊಣಗಿ, ಪಾತ್ರೆಗೆ ನೀರು ಸುರಿದು ಸಿಂಕಿನಲ್ಲಿಟ್ಟಳು. ಏನೋ ಯೋಚನೆಯಲ್ಲಿದ್ದೆ ಎಂದ. ಈ ಐದು ತಿಂಗಳಲ್ಲಿ ಅವನು ಅತಿ ಹೆಚ್ಚು ಸಲ ಆಡಿದ ಸುಳ್ಳು ಅದೇ. ಸಂಜೆ ಬಂದು ತಾನೇ ಉಜ್ಜುತ್ತೇನೆ, ಹಾಗೇ ಇಟ್ಟಿರು ಎಂದು ಹೇಳಿ ಹೊರಬಿದ್ದ.

ಒಂದು ವಾರದ ಜ್ವರ, ಅಷ್ಟೆ. ಜ್ವರ ಬಿಟ್ಟ ದಿನ ಮುಖ ತೊಳೆಯುವಾಗ ಸೋಪಿಗೆ ವಾಸನೆಯೇ ಇಲ್ಲ ಎನಿಸಿ, ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆಂದು ಬೈದುಕೊಂಡಿದ್ದ. ಆಮೇಲೆ ಕಾಫಿ ಬಿಸಿನೀರಾಯಿತು. ನೆಗಡಿ ಹೋದ ಮೇಲೆ ಬರುತ್ತದೆ ಎಂದುಕೊಂಡ. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಮನೆಯವರಿಗೆ ತಿಳಿಯದ ಹಾಗೆ ಊರಿನ ಇನ್ನೊಂದು ತುದಿಯ ವೈದ್ಯರನ್ನು ಹುಡುಕಿಕೊಂಡು ಹೋದರೆ ಅವರು ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, ಬರಬಹುದು, ಬರದೆಯೂ ಇರಬಹುದು, ಬೆಳಿಗ್ಗೆ ಸಂಜೆ ನಾಲ್ಕು ಘಾಟು ಪದಾರ್ಥ ಮೂಸಿ ಅವುಗಳ ವಾಸನೆ ನೆನಪಿಸಿಕೊಳ್ಳಿ ಎಂದಿದ್ದರು. ಕೆಲಸದ ಕಡೆ ಅವನ ಲಾಕರಿನಲ್ಲಿ, ಹೆಚ್ಚುವರಿ ಷರ್ಟಿನ ಕೆಳಗೆ ನಾಲ್ಕು ಪುಟ್ಟ ಡಬ್ಬಿಗಳಿದ್ದವು: ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ, ಒಂದು ಚೂರು ಸೋಪು. ದಿನಕ್ಕೆರಡು ಸಲ ಲಾಕರಿನೊಳಗೆ ತಲೆ ತೂರಿಸಿ, ಕದ್ದು ತಿನ್ನುವವನ ಹಾಗೆ ಒಂದೊಂದಾಗಿ ಮೂಸುತ್ತಿದ್ದ. ಲವಂಗ ಮೂಗನ್ನು ಚುಚ್ಚುತ್ತಿತ್ತು, ಆದರೆ ಅದು ಲವಂಗ ಎಂದು ತಿಳಿಯುತ್ತಿದ್ದುದು ಡಬ್ಬಿಯ ಮೇಲಿನ ಚೀಟಿಯಿಂದ. ಕಳೆದ ತಿಂಗಳು ಹೆಂಡತಿ ತಲೆಗೆ ಹೊಸ ಎಣ್ಣೆ ತಂದಿದ್ದೇನೆ, ಹೇಗಿದೆ ಎಂದಾಗ ಅವಳ ಕೂದಲ ಹತ್ತಿರ ಬಾಗಿ ಬಹಳ ಚೆನ್ನಾಗಿದೆ, ಮಲ್ಲಿಗೆಯದಲ್ಲವೇ ಎಂದಿದ್ದ. ಸೀಸೆಯ ಬಿರಡೆ ಇನ್ನೂ ತೆಗೆದೇ ಇರಲಿಲ್ಲ. ಅವಳು ನಕ್ಕಿದ್ದಳು, ಆದರೆ ಆ ನಗು ಸ್ವಲ್ಪ ಬೇಗ ನಿಂತಿತ್ತು. ನೋಡದೆ ಹೊಗಳುವುದು ಬೇರೆ ಕಲಿತಿರಾ ಎಂದು ಸೀಸೆಯನ್ನು ಕಪಾಟಿನಲ್ಲಿಟ್ಟಿದ್ದಳು. ಅದು ಈಗಲೂ ಅಲ್ಲೇ ಇದೆ.

ಸರ್ವಿಸ್ ಸೆಂಟರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಮೇಷ್ಟ್ರು. ಮೊದಮೊದಲು ವಾಸನೆ ಮೇಷ್ಟ್ರು ಎನ್ನುತ್ತಿದ್ದರು, ಕಾಲಕ್ರಮೇಣ ವಾಸನೆ ಉದುರಿಹೋಗಿ ಮೇಷ್ಟ್ರು ಉಳಿಯಿತು. ಇಪ್ಪತ್ತೆರಡು ವರ್ಷ ಬಾನೆಟ್ಟಿನ ಕೆಳಗೆ ಬಗ್ಗಿ ಮೇಲೆ ಬಂದವನು. ಆಯಿಲ್ ನೋಡುವ ಉಕ್ಕಿನ ಕಡ್ಡಿ ಎಳೆದು, ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತನೆಂದರೆ ಸುತ್ತಲಿನವರು ಮಾತು ನಿಲ್ಲಿಸುತ್ತಿದ್ದರು. ಕ್ಲಚ್ ಸುಟ್ಟಿದೆ, ಕೂಲೆಂಟ್ ನೀರು ಆಯಿಲಿಗೆ ಇಳಿಯುತ್ತಿದೆ, ಎರಡು ಸಾವಿರ ಕಿಲೋಮೀಟರ್ ಹಿಂದೆಯೇ ಆಯಿಲ್ ಬದಲಾಯಿಸಬೇಕಿತ್ತು, ಯಾಕೆ ಸುಳ್ಳು ಹೇಳ್ತೀರಿ ಎನ್ನುತ್ತಿದ್ದ. ಒಂದು ಸಲ ಗಿರಾಕಿಯ ಕಾರಿನ ಬಾಗಿಲು ತೆಗೆದವನೇ, ನಿನ್ನೆ ಇದರಲ್ಲಿ ಸೆಂಟು ಹಾಕಿಕೊಂಡ ಹೆಂಗಸೊಬ್ಬರು ಬಹಳ ಹೊತ್ತು ಕೂತಿದ್ದರು ಎಂದುಬಿಟ್ಟಿದ್ದ. ಗಿರಾಕಿಯ ಹೆಂಡತಿ ಹಿಂದೆಯೇ ನಿಂತಿದ್ದಳು, ಮತ್ತು ಆಕೆ ಜನ್ಮದಲ್ಲಿ ಸೆಂಟು ಹಾಕಿಕೊಂಡವಳಲ್ಲ. ಈ ಕತೆಯನ್ನು ಹಿರಿಯ ಮೆಕ್ಯಾನಿಕ್ ಕುಳ್ಳ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದ, ಹೇಳುವಾಗಲೆಲ್ಲ ಆ ಗಂಡ ಹೆಂಡಿರ ಜಗಳ ಒಂದೊಂದು ಮೈಲಿ ಉದ್ದವಾಗುತ್ತಿತ್ತು. ಈಗಲೂ ಹೇಳುತ್ತಾನೆ. ಮೇಷ್ಟ್ರು ಪಕ್ಕದಲ್ಲೇ ನಿಂತು ಬೇರೆ ಯಾರದ್ದೋ ಕತೆ ಕೇಳುವವನಂತೆ ನಗುತ್ತಾನೆ.

ಹೊಸ ಎಂಜಿನ್ನಿನ ಕಾರುಗಳು ಬಂದ ಮೇಲೆ ಒಂದು ವಿಚಿತ್ರ ದೂರು ಶುರುವಾಯಿತು. ಆಯಿಲ್ ಕಡಿಮೆಯಾಗುವುದು ಎಲ್ಲರೂ ಕಂಡದ್ದೇ, ಇವುಗಳಲ್ಲಿ ಆಯಿಲ್ ಹೆಚ್ಚುತ್ತಿತ್ತು. ಮೊದಲು ಬಂದ ಗಿರಾಕಿಗಳಲ್ಲಿ ಒಬ್ಬನಂತೂ, ಗಾಡಿ ತಾನೇ ಆಯಿಲ್ ಮಾಡಿಕೊಳ್ಳುತ್ತಿದೆ ಎಂದು ಸಂತೋಷಪಟ್ಟಿದ್ದ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಂತುಬಿಡುವಷ್ಟು ಹತ್ತಿರದ ಓಡಾಟವಿದ್ದರೆ, ಪೂರಾ ಉರಿಯದ ಪೆಟ್ರೋಲು ಕೆಳಗಿಳಿದು ಆಯಿಲಿಗೆ ಸೇರುತ್ತಿತ್ತು. ಸೇರಿದಷ್ಟೂ ಆಯಿಲ್ ತೆಳುವಾಗುತ್ತ ಹೋಗಿ, ಒಳಗಿನ ಭಾಗಗಳು ಒಂದನ್ನೊಂದು ಉಜ್ಜಿ ಸವೆಯುತ್ತಿದ್ದವು. ಕಂಪನಿಯಿಂದ ಪತ್ರ ಬಂತು. ಇದು ಎಂಜಿನ್ನಿನ ಸ್ವಭಾವ, ಗಾಬರಿ ಬೇಡ, ವಾರಕ್ಕೊಮ್ಮೆ ದೂರ ಓಡಿಸಲು ಹೇಳಿ, ಆಯಿಲಿನಲ್ಲಿ ಇಂಧನದ ವಾಸನೆ ಸ್ಪಷ್ಟವಾಗಿದ್ದರೆ ಮಾತ್ರ ಮಾದರಿ ತೆಗೆದು ಕಳುಹಿಸಿ ಎಂದು. ಅದಾದ ಮೇಲೆ ಪ್ರತಿ ಗಾಡಿಗೂ ಬರೆಯುವ ಜಾಬ್ ಕಾರ್ಡಿನಲ್ಲಿ ಒಂದು ಹೊಸ ಕಾಲಂ ಬಂತು. ಇಂಧನದ ವಾಸನೆ, ಅದರ ಮುಂದೆ ಎರಡು ಚೌಕ, ಒಂದರ ಪಕ್ಕ ಇದೆ, ಇನ್ನೊಂದರ ಪಕ್ಕ ಇಲ್ಲ. ಅದನ್ನು ತುಂಬುವ ಅಧಿಕಾರ ನಮ್ಮ ಮೇಷ್ಟ್ರಿಗಲ್ಲದೆ ಇನ್ಯಾರಿಗೆ ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮೂಗು ಹೋಗಿ ಆಗ ಒಂದು ತಿಂಗಳಾಗಿತ್ತು. ಎದ್ದು ನಿಂತು ಕೈ ಮುಗಿದಿದ್ದ.

ಮೊದಲನೇ ಕಾರ್ಡು ಬೇಕರಿಯವನದು. ಬೆಳಗಿನ ಜಾವದಿಂದ ಬೀದಿ ಬೀದಿಗೆ ಬ್ರೆಡ್ಡು ಹಂಚುವ ಗಾಡಿ, ನೂರು ಗಜಕ್ಕೊಮ್ಮೆ ನಿಲ್ಲಬೇಕು, ಎಂಜಿನ್ ಕಾಯುವ ಮಾತೇ ಇಲ್ಲ. ಹತ್ತು ವರ್ಷದ ಗಿರಾಕಿ, ಬಂದಾಗಲೆಲ್ಲ ಬಿಸಿ ಬ್ರೆಡ್ಡಿನ ಪೊಟ್ಟಣ ತಂದು ಮೇಜಿನ ಮೇಲಿಟ್ಟು, ಮೂಸಿ ಹೇಳಿ ಮೇಷ್ಟ್ರೇ, ಎಷ್ಟು ಹೊತ್ತಿಗೆ ಬೆಂದದ್ದು ಅಂತ ಎನ್ನುವವನು. ಆ ದಿನವೂ ಅಂದಿದ್ದ. ಮೇಷ್ಟ್ರು ಪೊಟ್ಟಣ ಮುಟ್ಟಿ ನೋಡಿ, ಅದರ ಬಿಸಿಯ ಮೇಲೆ ಅಂದಾಜು ಕಟ್ಟಿ ಆರೂವರೆ ಎಂದ, ಅದು ಸರಿಯೂ ಆಯಿತು. ಆಮೇಲೆ ಕಡ್ಡಿ ಎಳೆದು, ಕಣ್ಣು ಮುಚ್ಚಿ ಮೂಸಿದ. ಏನೂ ಇರಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು ಎರಡು ಚೌಕಗಳನ್ನೂ ನೋಡಿದ. ಗೊತ್ತಿಲ್ಲ ಎಂಬುದಕ್ಕೆ ಚೌಕವಿರಲಿಲ್ಲ. ವಾಸನೆ ಬರಲಿಲ್ಲ ಎಂಬುದು ನಿಜ, ಬರದದ್ದನ್ನು ಇದೆ ಎಂದು ಬರೆದರೆ ಸುಳ್ಳು, ಆದ್ದರಿಂದ ಇಲ್ಲ ಎಂಬುದಕ್ಕೆ ಗುರುತು ಹಾಕಿದ. ಬೇಕರಿಯವನು ಮೇಷ್ಟ್ರು ಇಲ್ಲ ಅಂದ್ರೆ ಇಲ್ಲ ಎಂದು ಬೆನ್ನು ತಟ್ಟಿ ಹೋದ. ಎರಡನೇ ಸಲವೂ ಹಾಗೇ ಹೋದ. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಅವನು ತನ್ನ ವಕೀಲಿಯನ್ನು ತಾನೇ ಮಾಡಿಕೊಳ್ಳುತ್ತಿದ್ದ: ನನಗೆ ಬರಲಿಲ್ಲ, ಬರಲಿಲ್ಲ ಎಂದೆ. ಇದರಲ್ಲಿ ಸುಳ್ಳೆಲ್ಲಿದೆ? ಗೆದ್ದ ವಕೀಲನಿಗೆ ನಿದ್ದೆ ಯಾಕೆ ಬರುತ್ತಿಲ್ಲ ಎಂಬುದೊಂದು ಮಾತ್ರ ತಿಳಿಯುತ್ತಿರಲಿಲ್ಲ.

ಈ ದಿನ ಹತ್ತು ಗಂಟೆಗೆ ಕುಳ್ಳ ಬಂದು, ನಿಮ್ಮ ಪರೀಕ್ಷಕರು ಬಂದರು ಮೇಷ್ಟ್ರೇ ಎಂದು ಕಣ್ಣು ಮಿಟುಕಿಸಿದ. ಲ್ಯಾಬಿನಮ್ಮ ಬಂದಿದ್ದರು. ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹೆಂಗಸು, ಇದು ಅವರ ಮೂರನೇ ಭೇಟಿ. ಮೊದಲ ಸಲ ಒಂದು ನೋಟ್‌ಬುಕ್ ತಂದಿದ್ದರು. ಪ್ರತಿ ಭಾನುವಾರ ಒಂದೇ ಹೊತ್ತಿನಲ್ಲಿ, ಒಂದೇ ಸಮತಟ್ಟು ಜಾಗದಲ್ಲಿ, ಎಂಜಿನ್ ತಣ್ಣಗಿದ್ದಾಗ ಕಡ್ಡಿಯ ಮೇಲೆ ಆಯಿಲ್ ಎಷ್ಟು ಮಿಲಿಮೀಟರ್ ಏರಿತ್ತೆಂದು ಸ್ಕೇಲು ಹಿಡಿದು ಬರೆದದ್ದು. ಅವನು ಅದನ್ನು ತಿರುವಿಹಾಕಿ, ಇದು ನಾರ್ಮಲ್ ಮೇಡಂ, ದೂರ ಓಡಿಸಿ ಎಂದಿದ್ದ. ತಾನು ಗಾಡಿ ತೆಗೆಯುವುದು ಎರಡು ಕಿಲೋಮೀಟರ್ ದೂರದ ಅಕ್ಕನ ಮನೆಗೆ, ನಿಮ್ಮ ಎಂಜಿನ್ನಿಗೋಸ್ಕರ ಅಕ್ಕನಿಗೆ ಮನೆ ಬದಲಾಯಿಸು ಎನ್ನಲೇ ಎಂದು ಅವರು ಕೇಳಿದ್ದರು. ಎರಡನೇ ಸಲ, ಎಲ್ಲ ನಾರ್ಮಲ್ಲಿಗೂ ಒಂದು ಸಂಖ್ಯೆ ಇರುತ್ತದೆ, ನಿಮ್ಮದು ಎಷ್ಟು ಹೇಳಿ, ಬರೆದುಕೊಳ್ಳುತ್ತೇನೆ ಎಂದು ಪೆನ್ನು ತೆಗೆದು ಕಾದಿದ್ದರು. ಅವನಲ್ಲಿ ಸಂಖ್ಯೆ ಇರಲಿಲ್ಲ. ಎರಡು ಸಲವೂ ಕಾಲಮ್ಮಿನಲ್ಲಿ ಇಲ್ಲ ಎಂದು ಗುರುತು ಹಾಕಿ, ಆಯಿಲ್ ಬದಲಾಯಿಸಿ ಕಳುಹಿಸಿದ್ದ. ಆಕೆ ಜಗಳಗಂಟಿಯಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆಕೆ ಪ್ರತಿ ಸಲವೂ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಇವತ್ತು ಲ್ಯಾಬಿನಮ್ಮ ಕುರ್ಚಿ ಎಳೆದುಕೊಂಡು ಕೂತು, ಚೀಲದಿಂದ ಎರಡು ಕಂದು ಬಣ್ಣದ ಗಾಜಿನ ಸೀಸೆಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟರು. ಎರಡಕ್ಕೂ ಚೀಟಿ ಅಂಟಿಸಿ ಒಂದು, ಎರಡು ಎಂದು ಬರೆದಿತ್ತು. ಮೂಸಿ ಹೇಳಬೇಕು, ಅಷ್ಟೇ ಎಂದರು. ಅವನು ಮೊದಲನೇ ಸೀಸೆಯ ಮುಚ್ಚಳ ತೆಗೆದು ಎತ್ತಿಕೊಂಡು, ತನ್ನ ಹಳೆಯ ಭಂಗಿಯಲ್ಲಿ ಕತ್ತು ಸ್ವಲ್ಪ ಓರೆ ಮಾಡಿ, ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಹಳೆಯ ವಾಸನೆಗಳು ನೆನಪಿಗೆ ಬಂದವು: ಕಾದ ಕಬ್ಬಿಣ, ಒದ್ದೆ ರಬ್ಬರು, ಅಪ್ಪನ ಷರ್ಟಿನ ಕಾಲರು. ಅಪ್ಪ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಸಂಜೆ ಅವರು ಬೀದಿ ತಿರುವಿನಲ್ಲಿರುವಾಗಲೇ ಕಿಟಕಿಯಲ್ಲಿ ನಿಂತು, ಇವತ್ತು ಡೀಸೆಲ್ ಟ್ಯಾಂಕ್ ತೊಳೆದಿದ್ದಾರೆ, ಇವತ್ತು ಗ್ರೀಸ್ ಹೊಡೆದಿದ್ದಾರೆ ಎಂದು ಅಮ್ಮನಿಗೆ ಹೇಳುವುದು ಚಿಕ್ಕಂದಿನ ಆಟ. ಒಂದು ಸಲವೂ ತಪ್ಪಿರಲಿಲ್ಲ. ಅಮ್ಮ ಅದನ್ನು ನೆಂಟರಿಗೆಲ್ಲ ಹೇಳಿ ಹಿಗ್ಗುತ್ತಿದ್ದಳು. "ಇಲ್ಲ ಮೇಡಂ, ವಾಸನೆ ಇಲ್ಲ" ಎಂದು ಕಣ್ಣು ತೆರೆದ. ಎರಡನೇದು ಎಂದರು. ಅದನ್ನೂ ಮೂಸಿದ, ಈ ಸಲ ಇನ್ನೂ ಸ್ವಲ್ಪ ಹೆಚ್ಚು ಹೊತ್ತು, ಯಾಕೆಂದರೆ ಆಕೆ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಇದರಲ್ಲೂ ಇಲ್ಲ ಎಂದ.

ಆಗ ಅವನಿಗೆ ಪಕ್ಕದ ಮೇಜಿನ ಹುಡುಗಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿರುವುದು ಕಾಣಿಸಿತು. ಕಾಯುತ್ತಿದ್ದ ಗಿರಾಕಿಯೊಬ್ಬ ಮುಖ ಸಿಂಡರಿಸಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಕುಳ್ಳ ಬಾಯಿ ಅರ್ಧ ತೆರೆದು ಅವನನ್ನೇ ನೋಡುತ್ತಿದ್ದ. ಲ್ಯಾಬಿನಮ್ಮ ಸೀಸೆಯ ಮುಚ್ಚಳವನ್ನು ನಿಧಾನವಾಗಿ, ಮೂರು ಸುತ್ತು ತಿರುಗಿಸಿ ಬಿಗಿ ಮಾಡಿದರು.

"ಎರಡನೇದು ನನ್ನ ಗಾಡೀದಲ್ಲ" ಎಂದರು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ. "ಹೊಸ ಆಯಿಲಿಗೆ ಅರ್ಧಕ್ಕರ್ಧ ಪೆಟ್ರೋಲು ಸುರಿದು ತಂದಿದ್ದೀನಿ. ಲ್ಯಾಬಲ್ಲಿ ದಿನಾ ಬೆಳಿಗ್ಗೆ ಹೀಗೇ ಮಾಡ್ತಿದ್ವಿ. ಉತ್ತರ ಗೊತ್ತಿರೋ ಒಂದು ಸ್ಯಾಂಪಲ್ ಮೊದಲು ಹಾಕೋದು. ಅದು ರಕ್ತದ ಪರೀಕ್ಷೆ ಅಲ್ಲ, ಮೆಷೀನಿನ ಪರೀಕ್ಷೆ. ಈಗ ಎರಡರಲ್ಲಿ ಒಂದು. ನೀವು ಸುಳ್ಳು ಹೇಳ್ತಿದ್ದೀರಿ, ಇಲ್ಲ ನಿಮಗೆ ವಾಸನೆ ಬರ್ತಿಲ್ಲ. ಯಾವುದು ಅಂತ ನೀವೇ ಹೇಳಿ."

ಅವನಿಗೆ ಮೊದಲು ಹೊಳೆದದ್ದು ಸುಳ್ಳುಗಾರನಾಗಿಬಿಡುವುದೇ ವಾಸಿ ಎಂದು. ಸುಳ್ಳು ಹೇಳುವ ಸರ್ವಿಸ್‌ನವನನ್ನು ಯಾರೂ ವಿಶೇಷವೆಂದು ತಿರುಗಿ ನೋಡುವುದಿಲ್ಲ. ಮೇಡಂ, ನಾನು ಹೊಟ್ಟೆಪಾಡಿನವನು, ಕಂಪನಿ ಹೇಳಿದಂತೆ ಹೇಳುತ್ತೇನೆ ಎಂದರೆ ಆಕೆ ನಾಲ್ಕು ಮಾತು ಬೈದು ಹೋಗುತ್ತಾರೆ, ಕುಳ್ಳ ಹಲ್ಲು ಕಿರಿಯುತ್ತಾನೆ, ಮೇಷ್ಟ್ರು ಮೇಷ್ಟ್ರಾಗಿಯೇ ಉಳಿಯುತ್ತಾನೆ, ಬೇಕೆಂದೇ ಮುಚ್ಚಿಡುವ ಕಿಲಾಡಿ ಮೇಷ್ಟ್ರು. ಇನ್ನೊಂದು ಉತ್ತರ ಹೇಳಿದರೆ ಉಳಿಯುವವನು ಯಾರೆಂದು ಅವನಿಗೇ ತಿಳಿಯದು. ತಾನು ಮರ್ಯಾದೆ ಎಂದುಕೊಂಡು ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಇದನ್ನೇ ಎಂದು ಆಗ ತಿಳಿಯಿತು. ಮೋಸಗಾರ ಎನಿಸಿಕೊಳ್ಳಲು ತಯಾರಿದ್ದ, ಮೂಗಿಲ್ಲದವನು ಎನಿಸಿಕೊಳ್ಳಲು ತಯಾರಿರಲಿಲ್ಲ. ಗಾಡಿ ನೋಡೋಣ ಬನ್ನಿ ಮೇಡಂ ಎಂದು ಎದ್ದ. ಒಳಗೆ, ಗಾಡಿ ಎತ್ತುವ ಲಿಫ್ಟುಗಳ ಸದ್ದಿನ ನಡುವೆ, ಅವರ ಬೂದು ಬಣ್ಣದ ಪುಟ್ಟ ಕಾರಿನ ಪಕ್ಕದಲ್ಲಿ ನಿಂತು, ನೆಲದ ಮೇಲಿನ ಹಳದಿ ಗೆರೆ ನೋಡುತ್ತ, ಐದು ತಿಂಗಳಾಯಿತು ಎಂದ. ಜ್ವರ ಬಂದಿತ್ತು, ಆಮೇಲೆ ಏನೂ ಬರುತ್ತಿಲ್ಲ, ಯಾರಿಗೂ ಹೇಳಿಲ್ಲ, ಹೆಂಡತಿಗೂ ಎಂದ. ಅಯ್ಯೋ ಪಾಪ ಎಂಬ ಒಂದು ಮಾತಿಗಾಗಿ ಐದು ತಿಂಗಳಿಂದ ಹಸಿದು ಕೂತಿದ್ದೇನೆ ಎಂದು ಅವನಿಗೆ ಆಗ ಅರ್ಥವಾಯಿತು. ಆಕೆ ಅದನ್ನು ಹೇಳಲಿಲ್ಲ.

ಕನ್ನಡಕ ಹಾಕಿಕೊಂಡು, ತಾವೇ ಬಾನೆಟ್ ಎತ್ತಿ, ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗಿಟ್ಟು ಎಳೆದು, ಅಡ್ಡಡ್ಡವಾಗಿ ಅವನ ಮುಖದ ಮುಂದೆ ಹಿಡಿದರು. ಕಡ್ಡಿಯ ಮೇಲೆ ಎರಡು ಗೀರುಗಳಿದ್ದವು, ಆಯಿಲ್ ಇರಬೇಕಾದದ್ದು ಅವುಗಳ ನಡುವೆ. ಆಯಿಲ್ ಮೇಲಿನ ಗೀರು ದಾಟಿ ಒಂದು ಬೆರಳಗಲ ಹೋಗಿತ್ತು, ಹೋದದ್ದು ಅಲ್ಲಿ ನಿಲ್ಲದೆ ನೀರಿನಂತೆ ತುದಿಗೆ ಜಾರಿ ತೊಟ್ಟಿಕ್ಕುತ್ತಿತ್ತು.

"ಮೂಗು ಹೋಯ್ತು, ಸರಿ" ಎಂದರು. "ಕಣ್ಣಿಗೇನಾಗಿತ್ತು?"

ಅವನು ಕಡ್ಡಿ ನೋಡಿದ. ಎಷ್ಟೋ ತಿಂಗಳ ನಂತರ ನೋಡಿದ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ಕಾಯಿರಿ, ಪೆಟ್ರೋಲು ಸೇರಿದ್ದರೆ ಕಪ್ಪಿನ ಸುತ್ತ ತೆಳ್ಳನೆಯ ಉಂಗುರವೊಂದು ಓಡುತ್ತದೆ ಎಂದು ಇಲ್ಲಿನ ಮೆಕ್ಯಾನಿಕ್‌ಗಳಿಗೆಲ್ಲ ಕಲಿಸಿದವನು ಅವನೇ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಆಯಿಲ್ ಎಳೆ ಕಟ್ಟುತ್ತದೋ ಜಾರುತ್ತದೋ ನೋಡಿ ಎಂದವನೂ ಅವನೇ. ಈಗ ನೆನಪಾಯಿತು: ನಾಲ್ಕು ತಿಂಗಳಿಂದ ಕಡ್ಡಿ ಎಳೆದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮೂಸಿ ಆದ ಮೇಲೆ, ಕಣ್ಣು ತೆರೆಯುವ ಮೊದಲೇ, ಕೈ ತಾನಾಗಿ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿಬಿಡುತ್ತಿತ್ತು. ಭಂಗಿ ಅದೇ, ಅದರ ಕೆಲಸ ಮಾತ್ರ ಬೇರೆಯಾಗಿತ್ತು. ಕಾಲಂ ಕೇಳಿದ್ದು ವಾಸನೆಯನ್ನು, ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಕೈ ತೊಳೆದುಕೊಂಡಿದ್ದ. ಮೂಗು ಹೋದದ್ದು ಅವನ ತಪ್ಪಾಗಿರಲಿಲ್ಲ. ಆ ನಿರಪರಾಧಿತನದ ಹಿಂದೆ ನಿಂತು ಮಾಡಿದ್ದೆಲ್ಲ ಅವನದೇ.

ಲ್ಯಾಬಿನಮ್ಮ ಕಡ್ಡಿಯನ್ನು ಅದರ ಜಾಗಕ್ಕೆ ಸೇರಿಸಿ ಕೈ ಒರೆಸಿಕೊಂಡರು. ಅವರ ದನಿ ಈಗ ಸ್ವಲ್ಪ ಇಳಿದಿತ್ತು. "ನಮ್ಮ ಮೆಷೀನೂ ಒಂದ್ಸಲ ಕೆಟ್ಟಿತ್ತು. ಎರಡು ದಿನ ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಆ ಎರಡು ದಿನ ಬಂದೋರನ್ನೆಲ್ಲ ವಾಪಸ್ ಕರೆಸಿದ್ವಿ. ನಲವತ್ತು ಜನ. ನಾನೇ ಒಬ್ಬೊಬ್ರಿಗೂ ಫೋನ್ ಮಾಡಿದ್ದು. ಬೈದ್ರು. ಬೈದು, ಬಂದು, ಮತ್ತೆ ಸೂಜಿ ಚುಚ್ಚಿಸ್ಕೊಂಡ್ರು." ಅಷ್ಟು ಹೇಳಿ ಗಾಡಿಯ ಕೀಲಿಯನ್ನು ಅವನ ಕೈಗೆ ಕೊಟ್ಟರು. ಮಾದರಿ ತೆಗೆದುಕೊಳ್ಳಿ, ಸಂಜೆ ಬರುತ್ತೇನೆ, ಅಕ್ಕನ ಮನೆಗೆ ನಡೆದೇ ಹೋಗುತ್ತೇನೆ ಎಂದರು. ಥ್ಯಾಂಕ್ಸ್ ಹೇಳಲಿಲ್ಲ. ಅವನು ಮಾದರಿ ತೆಗೆದು, ಅವರ ಕಾರ್ಡಿನಲ್ಲಿ ಇದೆ ಎಂಬ ಚೌಕಕ್ಕೆ ಗುರುತು ಹಾಕಿದ. ಆ ಚೌಕದಲ್ಲಿ ಅವನ ಪೆನ್ನು ಇಳಿದದ್ದು ಅದೇ ಮೊದಲು.

ಮ್ಯಾನೇಜರನ ಗಾಜಿನ ಕೋಣೆಯಲ್ಲಿ ಸುವಾಸನೆ ಉಗುಳುವ ಡಬ್ಬಿಯೊಂದಿತ್ತು. ಹಿಂದೆ ಅದರ ಘಾಟಿಗೆ ತಲೆನೋವು ಬಂದು ಬಾಗಿಲಲ್ಲೇ ನಿಂತು ಮಾತು ಮುಗಿಸುತ್ತಿದ್ದ. ಇತ್ತೀಚೆಗೆ ಒಳಗೆ ಬಂದು ಕೂರುತ್ತಿದ್ದ. ಮ್ಯಾನೇಜರ್ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಯಾರ ಮೇಲೂ ದನಿ ಎತ್ತದ ಮನುಷ್ಯ. ಅವನು ಹೇಳಿದ್ದನ್ನೆಲ್ಲ ಕೇಳಿ, ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸಿಟ್ಟು, ನನಗೆ ಗೊತ್ತಿತ್ತು ಮೇಷ್ಟ್ರೇ ಎಂದ. ಒಂದು ದಿನ ಮೂರನೇ ಲಿಫ್ಟಿನ ಕೆಳಗೆ ಪೈಪು ಕಳಚಿಕೊಂಡು ಪೆಟ್ರೋಲು ಸುರಿಯುತ್ತಿತ್ತಂತೆ. ಎಲ್ಲರೂ ದೂರ ಓಡಿದರೂ ಅವನು ಪಕ್ಕದಲ್ಲೇ ಬೆನ್ನು ಮಾಡಿ ನಿಂತು ಕಾರ್ಡು ಬರೆಯುತ್ತಿದ್ದನಂತೆ, ಕುಳ್ಳ ತೋಳು ಹಿಡಿದು ಎಳೆದಾಗ ಏನೋ ಯೋಚನೆಯಲ್ಲಿದ್ದೆ ಎಂದನಂತೆ. ಅವನಿಗೆ ಆ ದಿನ ನೆನಪಿತ್ತು. ಕಾಲಂ ಬಂದದ್ದು ಅದರ ಮುಂದಿನ ವಾರ. ಚಪ್ಪಾಳೆ ತಟ್ಟಿದ್ದೂ ಆಗಲೇ.

"ನಿಮ್ಮ ಕೈಲಿ ನಾನು ಒಂದು ಸುಳ್ಳೂ ಬರೆಸಿಲ್ಲ" ಎಂದ ಮ್ಯಾನೇಜರ್. "ನಿಮಗೆ ಬರ್ಲಿಲ್ಲ, ನೀವು ಇಲ್ಲ ಅಂದ್ರಿ. ಇದರಲ್ಲಿ ಸುಳ್ಳೆಲ್ಲಿದೆ?"

ಅವನಿಗೆ ಸಿಟ್ಟು ಬರಬೇಕಿತ್ತು. ಆದರೆ ಹಾಸಿಗೆಯಲ್ಲಿ ತಾನು ತನಗೇ ಹೇಳಿಕೊಳ್ಳುತ್ತಿದ್ದ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಒಂದಕ್ಷರವೂ ಆಚೀಚೆಯಾಗದೆ ಕೇಳಿದವನಿಗೆ ಸಿಟ್ಟಾಗುವ ಹಕ್ಕಾದರೂ ಎಲ್ಲಿತ್ತು. ಆ ಮಾತು ಹೊರಗಿನಿಂದ ಎಷ್ಟು ಕೊಳಕಾಗಿ ಕೇಳಿಸುತ್ತದೆಂಬುದಷ್ಟೇ ಅವನ ಗಮನಕ್ಕೆ ಬಂತು. ಮ್ಯಾನೇಜರ್ ಸಮಾಧಾನವಾಗಿ ಬಿಡಿಸಿ ಹೇಳಿದ. ಆ ಹೆಂಗಸಿನ ಮಾದರಿ ಹೋಗಲಿ, ಒಂದರಿಂದ ಏನೂ ಆಗುವುದಿಲ್ಲ. ಹೆಚ್ಚು ಹೋದರೆ ಎಂಜಿನ್ ರಿಪೇರಿಯ ಖರ್ಚು ಕಂಪನಿಯ ತಲೆಗೆ, ಅವರ ಸಿಟ್ಟು ನಮ್ಮ ಮೇಲೆ. ಹಳೆಯ ಕಾರ್ಡುಗಳನ್ನು ಕೆದಕಬೇಡಿ. ಕೆದಕಿದರೆ ಯಾರು ಮೂಸಿದ್ದು ಎಂದು ಮೇಲಿನವರು ಕೇಳುತ್ತಾರೆ, ಮೂಗಿಲ್ಲದವರನ್ನು ಆ ಕುರ್ಚಿಯಲ್ಲಿ ಕೂರಿಸಿಕೊಳ್ಳಲು ನನ್ನಿಂದಾಗುವುದಿಲ್ಲ, ನಿಮ್ಮನ್ನು ಬೇರೆಲ್ಲಿ ಹಾಕಲಿ, ನೀವೇ ಹೇಳಿ. ನಿವೃತ್ತಿಗೆ ಇನ್ನು ಆರು ವರ್ಷ ಅಷ್ಟೇ ಅಲ್ಲವೇ. ಅವನು ಹೂಂಗುಟ್ಟಿದ. ನಿಜವಾಗಿಯೂ ಒಪ್ಪಿಕೊಂಡೇ ಹೂಂಗುಟ್ಟಿದ, ಎದ್ದು ಬರುವಾಗ ಥ್ಯಾಂಕ್ಸ್ ಎಂದೂ ಅಂದ.

ಊಟದ ಹೊತ್ತಾಗಿತ್ತು. ಲಿಫ್ಟುಗಳು ನಿಂತಿದ್ದವು. ಅಭ್ಯಾಸದಂತೆ ಲಾಕರು ತೆಗೆದು, ನಾಲ್ಕು ಡಬ್ಬಿಗಳಲ್ಲಿ ಒಂದನ್ನು ಕೈಗೆತ್ತಿಕೊಂಡ, ಚೀಟಿ ನೋಡದೆ ಮುಚ್ಚಳ ತೆಗೆದು ಮೂಸಿದ. ಏನೂ ಇಲ್ಲ. ಚೀಟಿ ನೋಡಿದ, ಕಾಫಿ. ಸಿಂಕಿನಲ್ಲಿ ನೀರು ಕುಡಿಯುತ್ತ ಕೂತಿರುವ ಸೀದ ಪಾತ್ರೆ ನೆನಪಾಯಿತು, ಕಪಾಟಿನಲ್ಲಿ ಬಿರಡೆ ಬಿಚ್ಚದ ಎಣ್ಣೆ ಸೀಸೆ ನೆನಪಾಯಿತು. ಅವಳು ಆ ಎಣ್ಣೆ ಹಚ್ಚಿಕೊಳ್ಳದೆ ಇಟ್ಟಿದ್ದು ತನ್ನ ಮೇಲಿನ ಬೇಸರಕ್ಕೆ, ಆ ಬೇಸರದ ಕಾರಣವನ್ನು ತಾನು ಅವಳಿಗೆ ಕೊಟ್ಟೇ ಇಲ್ಲ. ಸಂಜೆ ಮನೆಯಲ್ಲಿ ಹೇಳಬೇಕಾದ್ದೂ ಮೂಗು ಹೋಗಿದೆ ಎಂಬ ಇದೇ ಮಾತು. ಎಲ್ಲಾದರೂ ಒಂದು ಕಡೆ ಶುರು ಮಾಡಬೇಕು ಎನಿಸಿತು. ಡಬ್ಬಿ ಒಳಗಿಟ್ಟು, ಹಳೆಯ ಕಾರ್ಡುಗಳ ಫೈಲನ್ನು ಕಪಾಟಿನಿಂದ ಇಳಿಸಿ ತನ್ನ ಮೇಜಿನ ಮೇಲಿಟ್ಟುಕೊಂಡ. ಗಾಜಿನ ಕೋಣೆಯಿಂದ ಮ್ಯಾನೇಜರ್ ತಲೆ ಎತ್ತಿ ನೋಡಿದ್ದು ತಿಳಿಯಿತು. ತಳದ ಕಾರ್ಡು ತೆಗೆದು ನಂಬರು ಒತ್ತಿದ.

ಬೇಕರಿಯವನು ಎರಡನೇ ರಿಂಗಿಗೇ ಫೋನು ಎತ್ತಿಕೊಂಡ. ಏನು ಮೇಷ್ಟ್ರೇ ಅಪರೂಪಕ್ಕೆ, ಬ್ರೆಡ್ಡು ಬೇಕಾ ಎಂದ. ಹಿಂದೆ ದೊಡ್ಡ ಒಲೆಯ ಫ್ಯಾನು ಗುಂಯ್ಗುಡುತ್ತಿತ್ತು. ಗಾಡಿ ಹೇಗಿದೆ, ಆಯಿಲ್ ನೋಡುತ್ತಿದ್ದೀರಾ ಎಂದು ಇವನು ಕೇಳಿದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಕಟಕಟ ಅನ್ನುತ್ತದೆ, ಅಷ್ಟು ಬಿಟ್ಟರೆ ಏನಿಲ್ಲ ಎಂದ ಬೇಕರಿಯವನು. "ನೀವು ಇಲ್ಲ ಅಂದ್ಮೇಲೆ ನಾನ್ಯಾಕೆ ನೋಡ್ಲಿ? ಮೊದಲು ವಾರಕ್ಕೊಂದ್ಸಲ ನೋಡ್ತಿದ್ದೆ. ನಿಮ್ಮ ಮಾತು ಕೇಳಿದ್ಮೇಲೆ ಆ ಕಡ್ಡೀನೇ ಮುಟ್ಟಿಲ್ಲ."

ಈಗಲೇ ಹೋಗಿ ನೋಡಿ, ನಾನು ಲೈನಿನಲ್ಲೇ ಇರುತ್ತೇನೆ ಎಂದ. ಬೇಕರಿಯವನು ನಕ್ಕು, ಆಯ್ತು ಬಿಡಿ ಎಂದು ಹೊರಟ. ಅವನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕೇಳಿದ. ಚಪ್ಪಲಿಯ ಸದ್ದು, ತಗಡಿನ ತಟ್ಟೆಯೊಂದನ್ನು ಪಕ್ಕಕ್ಕಿಟ್ಟದ್ದು, ಹಿಂಬಾಗಿಲ ಅಗಳಿ, ಬೀದಿ, ಬಾನೆಟ್ಟಿನ ಕೀರಲು. ಎದುರಿಗೆ ಗೋಡೆಗೊರಗಿ ಕುಳ್ಳ ಬುತ್ತಿ ಬಿಚ್ಚಿಕೊಂಡು ಕೂತಿದ್ದ, ಬಾಯಿಗೆ ತುತ್ತು ಇಡದೆ ಇತ್ತಲೇ ನೋಡುತ್ತಿದ್ದ.

"ಗೆರೆ ದಾಟಿ ಎಲ್ಲೋ ಹೋಗಿದೆ ಮೇಷ್ಟ್ರೇ" ಎಂದಿತು ಫೋನು. "ನೀರಾಗಿದೆ. ಮತ್ತೆ ಈ ವಾಸನೆ! ಇಲ್ಲಿ ನಿಲ್ಲೋಕಾಗ್ತಿಲ್ಲ. ನಿಮ್ಮ ಮೂಗಿಗೆ ಅಲ್ಲಿಗೇ ಬಂದಿರುತ್ತೆ, ಅದಕ್ಕೇ ಫೋನ್ ಮಾಡಿದ್ರಿ."

"ಬಂದಿಲ್ಲ" ಎಂದ. ಕುಳ್ಳನಿಗೂ ಪಕ್ಕದ ಮೇಜಿನ ಹುಡುಗಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಮತ್ತೆ ಹೇಳಿದ. "ನನಗೆ ಐದು ತಿಂಗಳಿಂದ ಯಾವ ವಾಸನೇನೂ ಬರ್ತಿಲ್ಲ. ನಿಮ್ಮ ಗಾಡಿ ನೋಡಿದ ದಿನಾನೂ ಬರ್ತಿರ್ಲಿಲ್ಲ. ಎರಡು ಸಲಾನೂ."

ಆ ಕಡೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದು ಹೋದರು. ಅವನು ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಕಾರ್ಡನ್ನು ಎದುರಿಗಿಟ್ಟುಕೊಂಡು, ನಾಲ್ಕು ತಿಂಗಳ ಹಿಂದಿನ ತನ್ನ ಗುರುತನ್ನು ಒಂದು ಗೆರೆಯಿಂದ ಹೊಡೆದುಹಾಕಿ, ಅದರ ಕೆಳಗಿನ ಖಾಲಿ ಜಾಗಕ್ಕೆ ಪೆನ್ನು ತಂದ.

"ಹೇಗಿದೆ ಅಂತ ನೀವೇ ಹೇಳಿ. ಬರ್ಕೋತೀನಿ."

ಬೇಕರಿಯವನು ಹೇಳತೊಡಗಿದ, ಒಂದೊಂದೇ ಮಾತು, ನಿಧಾನವಾಗಿ. ಮೇಷ್ಟ್ರೇ ಎನ್ನಲಿಲ್ಲ. ಅವನು ಬರೆದುಕೊಂಡ.